ಕುದುರೆ ಮರಿಗೆ ಗಿಣ್ಣು ಹಾಲು: ಗುಣ ಪರೀಕ್ಷಿಸುವ ಬಗೆ

ಹೆಣ್ಣು ಕುದುರೆಯು ಗಬ್ಬವಾದಂದಿನಿಂದ ಮರಿ ಹಾಕಲು ಸುಮಾರು 340 ದಿನಗಳು, ಅಂದರೆ 11 ತಿಂಗಳುಗಳಿಗೂ ಮೇಲ್ಪಟ್ಟ ಕಾಲ ಬೇಕು. ಅಷ್ಟು ಕಾಲ ಕಾದ ಮೇಲೆ ಸಿಗುವುದು ಒಂದೇ ಒಂದು ಮರಿ. ಹುಟ್ಟಿದ ದಿನ ಚುರುಕಾಗಿ ಎದ್ದು ತಾಯಿಯ ಸುತ್ತ ಓಡಾಡಿದ ಮರಿಯು ಮೂರನೆಯ ಅಥವಾ ನಾಲ್ಕನೆಯ ದಿನ ತಲೆ ಬಗ್ಗಿಸಿ ನಿಲ್ಲುತ್ತದೆ, ಮೊಲೆ ಚೀಪುವುದನ್ನು ಬಿಡುತ್ತದೆ, ಹೊಕ್ಕುಳು ಒದ್ದೆಯಾಗಿರುತ್ತದೆ, ಮಂಡಿ ಅಥವಾ ಹಿಮ್ಮಡಿಯ ಕೀಲು ಬಾತು ಕುಂಟುತ್ತದೆ, ಕೆಲವಕ್ಕೆ ಭೇದಿಯೂ ಹತ್ತುತ್ತದೆ. ಇನ್ನೆರಡು ದಿನಗಳಲ್ಲಿ ಲಾಯ ಬರಿದಾಗುತ್ತದೆ. ದೃಷ್ಟಿ ತಾಕಿತೆಂದು ಕೆಲವರು, ಚಳಿ ಹಿಡಿಯಿತೆಂದು ಕೆಲವರು ಹೇಳುತ್ತಾರೆ. ಇಂತಹ ಸಾವುಗಳ ಹಿಂದೆ ಅನೇಕ ವೇಳೆ ಇರುವುದು ರಕ್ತನಂಜು. ಅದಕ್ಕೆ ದಾರಿ ಮಾಡಿಕೊಟ್ಟದ್ದು ಮೊದಲ ದಿನ ಕುಡಿಯದ, ಇಲ್ಲವೇ ಕುಡಿದರೂ ಸತ್ವವಿಲ್ಲದ ಗಿಣ್ಣು ಹಾಲು.

ನಮ್ಮಲ್ಲಿ ಕುದುರೆ ಸಾಕುವವರು ಹಸು ಎಮ್ಮೆ ಸಾಕುವವರಷ್ಟು ಮಂದಿ ಇಲ್ಲ, ನಿಜ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ಒಂದು ಕಡೆಯಾದರೆ, ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾಹಿಗಳು ಹಿಂಡಿನೊಂದಿಗೆ ಊರೂರು ತಿರುಗುವಾಗ ಹಟ್ಟಿಯ ಸಾಮಾನು, ಎಳೆಯ ಕುರಿಮರಿಗಳನ್ನು ಹೊರಿಸಲು ಇಟ್ಟುಕೊಂಡ ತಟ್ಟುಗಳು ಇನ್ನೊಂದು ಕಡೆ. ಲಕ್ಷಗಟ್ಟಲೆ ಬೆಲೆಯ ಪಂದ್ಯದ ಕುದುರೆಗೂ ಕುರಿಗಾಹಿಯ ತಟ್ಟುವಿಗೂ ಈ ವಿಷಯದಲ್ಲಿ ನಿಯಮ ಒಂದೇ. ಪಂದ್ಯದ ಕುದುರೆಯ ಲಾಯದಲ್ಲಿ ವೈದ್ಯರು ಹಗಲಿರುಳು ಇರುತ್ತಾರೆ. ಒಂದೇ ಕುದುರೆಯುಳ್ಳವನಿಗೆ ಆ ಅನುಕೂಲ ಇಲ್ಲದಿರುವುದರಿಂದ ಅವನೇ ತಿಳಿದುಕೊಂಡಿರುವುದು ಹೆಚ್ಚು ಅಗತ್ಯ.

ಮರಿಯು ಬರಿಗೈಯಲ್ಲಿ ಹುಟ್ಟುತ್ತದೆ

ಮನುಷ್ಯರಲ್ಲಿ ತಾಯಿಯ ರಕ್ತದಲ್ಲಿರುವ ರೋಗನಿರೋಧಕ ವಸ್ತುಗಳು ಮಾಸುವಿನ ಮೂಲಕ ಗರ್ಭದ ಕೂಸಿಗೆ ಹರಿದು ಬರುತ್ತವೆ. ಕುದುರೆಯ ಮಾಸುವಿನ ರಚನೆ ಬೇರೆ. ಅದರಲ್ಲಿ ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಹಲವು ಪದರಗಳಿವೆ. ಆಹಾರ, ಆಮ್ಲಜನಕ ದಾಟುತ್ತವೆ. ದೊಡ್ಡ ಕಣಗಳಾದ ಪ್ರತಿಕಾಯಗಳು ದಾಟಲಾರವು. ಆದ್ದರಿಂದ ಹುಟ್ಟಿದ ಮರಿಯ ರಕ್ತದಲ್ಲಿ ಇವು ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬೇಕು. ಹಸು, ಎಮ್ಮೆ, ಆಡು, ಕುರಿಗಳಲ್ಲಿಯೂ ಹೀಗೆಯೇ.

ಈ ಕೊರತೆಯನ್ನು ತುಂಬಲು ತಾಯಿಯ ಕೆಚ್ಚಲು ಮರಿ ಹಾಕುವ ಮುಂಚಿನ ಎರಡು ಮೂರು ವಾರಗಳಲ್ಲಿ ತಾಯಿಯ ರಕ್ತದಿಂದ ಪ್ರತಿಕಾಯಗಳನ್ನು ಹೀರಿ ಕೂಡಿಡುತ್ತದೆ. ಇಮ್ಯುನೋಗ್ಲಾಬ್ಯುಲಿನ್ ಎಂದು ಕರೆಯುವ ಈ ಸಸಾರಜನಕವು ತುಂಬಿಕೊಂಡ ಹಾಲೇ ಗಿಣ್ಣು ಹಾಲು. ಕುದುರೆಯು ಇದನ್ನು ತಯಾರಿಸುವುದು ಒಂದು ಸೂಲಿಗೆ ಒಂದೇ ಸಲ. ಮರಿ ಹಾಕಿದ ಮೇಲೆ ಹೊಸದಾಗಿ ಗಿಣ್ಣು ಉತ್ಪತ್ತಿಯಾಗುವುದಿಲ್ಲ. ಇದ್ದದ್ದು ತೀರುತ್ತ ಸಾಧಾರಣ ಹಾಲು ಬರತೊಡಗುತ್ತದೆ. 12 ಗಂಟೆಗಳಾಗುವಷ್ಟರಲ್ಲಿ ಅದರ ಸತ್ವ ಬಹಳ ಇಳಿದಿರುತ್ತದೆ. ಒಂದು ದಿನ ಕಳೆದರೆ ಅದನ್ನು ಗಿಣ್ಣು ಎನ್ನುವಂತಿಲ್ಲ.

ಮರಿಯ ಕರುಳಿನ ಕಡೆಯಿಂದಲೂ ಗಡಿಯಾರ ಓಡುತ್ತಿರುತ್ತದೆ. ಹುಟ್ಟಿದಾಗ ಅದರ ಸಣ್ಣ ಕರುಳಿನ ಒಳಪದರದಲ್ಲಿ ವಿಶೇಷ ಬಗೆಯ ಜೀವಕೋಶಗಳಿರುತ್ತವೆ. ಇವು ಪ್ರತಿಕಾಯಗಳನ್ನು ಜೀರ್ಣಿಸದೆ ಇಡಿಯಾಗಿಯೇ ಒಳಗೆ ಎಳೆದುಕೊಂಡು ರಕ್ತಕ್ಕೆ ಸೇರಿಸುತ್ತವೆ. ಮೊದಲ 6ರಿಂದ 8 ಗಂಟೆಗಳಲ್ಲಿ ಈ ಕೆಲಸ ಭರದಿಂದ ಸಾಗುತ್ತದೆ. ಅನಂತರ ಕ್ರಮೇಣ ಆ ಕೋಶಗಳು ಉದುರಿ ಸಾಮಾನ್ಯ ಕೋಶಗಳು ಅವುಗಳ ಜಾಗಕ್ಕೆ ಬರುತ್ತವೆ. 18ರಿಂದ 24 ಗಂಟೆಗಳಲ್ಲಿ ಬಾಗಿಲು ಮುಚ್ಚಿದಂತೆಯೇ. ಆಮೇಲೆ ಎಷ್ಟೇ ಒಳ್ಳೆಯ ಗಿಣ್ಣು ಕುಡಿಸಿದರೂ ಅದು ಬರೀ ಆಹಾರವಾಗುತ್ತದೆಯೇ ಹೊರತು ರಕ್ತಕ್ಕೆ ರಕ್ಷಣೆಯಾಗಿ ಸೇರುವುದಿಲ್ಲ.

ಕಸ ಬೀಳುವವರೆಗೆ ಮರಿಗೆ ಮೊಲೆ ಕೊಡಬಾರದೆಂಬ ರೂಢಿ ಕೆಲವು ಊರುಗಳಲ್ಲಿದೆ. ದನಗಳ ವಿಷಯದಲ್ಲಿ ಇದನ್ನು ಹೆಚ್ಚಾಗಿ ಪಾಲಿಸುತ್ತಾರೆ. ಕುದುರೆಗೂ ಅದನ್ನೇ ಅನ್ವಯಿಸುವವರುಂಟು. ಇದರಷ್ಟು ಹಾನಿಕರವಾದ ರೂಢಿ ಇನ್ನೊಂದಿಲ್ಲ. ಕಸ ಬೀಳಲು ಕಾಯುವ ಆ ಹೊತ್ತೇ ಮರಿಗೆ ಅತ್ಯಂತ ಬೆಲೆಯುಳ್ಳ ಹೊತ್ತು. ಅದೂ ಅಲ್ಲದೆ ಮರಿಯು ಮೊಲೆ ಚೀಪಿದರೆ ಗರ್ಭಕೋಶ ಕುಗ್ಗಿ ಕಸ ಬೇಗ ಬೀಳಲು ಸಹಾಯವೇ ಆಗುತ್ತದೆ. ಆರೋಗ್ಯವಂತ ಮರಿಯು ಹುಟ್ಟಿದ 1 ಗಂಟೆಯೊಳಗೆ ಎದ್ದು ನಿಲ್ಲಬೇಕು, 2 ಗಂಟೆಯೊಳಗೆ ಮೊಲೆ ಹಿಡಿಯಬೇಕು, 3 ಗಂಟೆಯೊಳಗೆ ತಾಯಿಯ ಕಸ ಬಿದ್ದಿರಬೇಕು. ಒಂದು, ಎರಡು, ಮೂರು ಎಂದು ಇದನ್ನು ನೆನಪಿಡುವುದು ಸುಲಭ. ಇವುಗಳಲ್ಲಿ ಯಾವುದು ತಪ್ಪಿದರೂ ಪಶುವೈದ್ಯರಿಗೆ ಹೇಳಿ ಕಳುಹಿಸಬೇಕು.

ಕುಡಿದರೆ ಸಾಕೇ?

ಸಾಲದು. ಕುಡಿದ ಹಾಲಿನಲ್ಲಿ ಸತ್ವವಿರಬೇಕು. ಒಳ್ಳೆಯ ಗಿಣ್ಣಿನಲ್ಲಿ ಲೀಟರಿಗೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಮ್ಯುನೋಗ್ಲಾಬ್ಯುಲಿನ್ ಇರುತ್ತದೆ. 45ರಿಂದ 50 ಕಿಲೋ ತೂಗುವ ಮರಿಗೆ ಇಂತಹ ಗಿಣ್ಣು 1ರಿಂದ 1.5 ಲೀಟರಿನಷ್ಟು ಮೊದಲ 6-8 ಗಂಟೆಗಳೊಳಗೆ ಸೇರಬೇಕು. ಒಂದೂವರೆ ಲೀಟರಿನಲ್ಲಿ 90 ಗ್ರಾಂ ಬಂತು. ಅದೇ ಲೀಟರಿಗೆ 20 ಗ್ರಾಂ ಮಾತ್ರ ಇರುವ ತೆಳು ಗಿಣ್ಣಾದರೆ ಅಷ್ಟೇ ರಕ್ಷಣೆಗೆ 4.5 ಲೀಟರು ಬೇಕಾಗುತ್ತದೆ. ಎಳೆಯ ಮರಿಯ ಹೊಟ್ಟೆ ಚಿಕ್ಕದು. ಒಂದು ಸಲಕ್ಕೆ ಕಾಲು ಲೀಟರಿನಿಂದ ಅರ್ಧ ಲೀಟರು ಹಿಡಿದರೆ ಹೆಚ್ಚು. ಬಾಗಿಲು ಮುಚ್ಚುವುದರೊಳಗೆ ಅಷ್ಟು ಹಾಲನ್ನು ಅದು ಕುಡಿಯಲಾರದು, ತಾಯಿಯಲ್ಲಿ ಅಷ್ಟು ಇರುವುದೂ ಇಲ್ಲ. ಮರಿ ಹೊಟ್ಟೆ ತುಂಬ ಕುಡಿಯಿತೆಂದು ನಾವು ನೆಮ್ಮದಿಯಾಗಿ ಮಲಗಿದಾಗಲೂ ಅದು ರಕ್ಷಣೆಯಿಲ್ಲದೆ ಉಳಿಯುವುದು ಹೀಗೆ.

ಮರಿಯು ಹುಟ್ಟುವಾಗ ತಾಯಿಯ ತೂಕದ ಸುಮಾರು ಹತ್ತನೆಯ ಒಂದು ಭಾಗ ತೂಗುತ್ತದೆ. 250 ಕಿಲೋ ತೂಗುವ ತಟ್ಟುವಿನ ಮರಿ 25 ಕಿಲೋ ಆಸುಪಾಸು. ಇದಕ್ಕೆ ಮೇಲೆ ಹೇಳಿದ್ದರ ಅರ್ಧದಷ್ಟು ಸಾಕು.

ಯಾವ ಕುದುರೆಗಳ ಗಿಣ್ಣನ್ನು ಅನುಮಾನಿಸಬೇಕು? ಮರಿ ಹಾಕುವ ಮುಂಚೆಯೇ ಹಾಲು ಸೋರಿಸಿಕೊಂಡವುಗಳನ್ನು ಮೊದಲು. ಸಾಮಾನ್ಯವಾಗಿ ಮರಿ ಹಾಕಲು ಒಂದೆರಡು ದಿನ ಇರುವಾಗ ತೊಟ್ಟಿನ ತುದಿಯಲ್ಲಿ ಜೇನುಮೇಣದಂತಹ ಹನಿ ಗಟ್ಟಿಯಾಗಿ ನಿಲ್ಲುತ್ತದೆ. ಇದು ಒಳ್ಳೆಯ ಲಕ್ಷಣ. ಆದರೆ ಹಾಲೇ ತೊಟ್ಟಿಕ್ಕುತ್ತ ಅಥವಾ ಎಳೆಯಾಗಿ ಹರಿಯುತ್ತ ಹಿಂಗಾಲುಗಳ ಮೇಲೆ ಒಣಗಿ ಅಂಟಿದ್ದರೆ ಗಿಣ್ಣು ನೆಲದ ಪಾಲಾಯಿತೆಂದೇ ತಿಳಿಯಬೇಕು. ಅವಳಿ ಗರ್ಭವಿದ್ದಾಗ, ಮಾಸುವಿಗೆ ಸೋಂಕು ತಗಲಿದಾಗ ಹೀಗಾಗುವುದುಂಟು. ಆದುದರಿಂದ ತಿಂಗಳು ತುಂಬುವ ಮೊದಲೇ ಕೆಚ್ಚಲು ತುಂಬಿ ಹಾಲು ಸೋರಿದರೆ ಮರಿ ಹುಟ್ಟುವವರೆಗೆ ಕಾಯದೆ ವೈದ್ಯರಿಗೆ ತೋರಿಸಬೇಕು. 15 ವರ್ಷ ದಾಟಿದ ಮುದಿ ಕುದುರೆ, ದಿನ ತುಂಬದೆ ಮರಿ ಹಾಕಿದ ಕುದುರೆ, ಕಾಯಿಲೆಯಿಂದ ಬಡಕಲಾದ ಕುದುರೆ ಇವೂ ಅನುಮಾನದ ಪಟ್ಟಿಗೆ ಸೇರಬೇಕು. ಚೊಚ್ಚಲ ಕುದುರೆಯ ಗಿಣ್ಣು ಚೆನ್ನಾಗಿದ್ದರೂ ಕೆಚ್ಚಲು ಮುಟ್ಟಿದರೆ ಒದೆಯುವುದರಿಂದ ಮರಿಗೆ ಸಿಗದೆ ಹೋಗಬಹುದು.

ಕಣ್ಣಳತೆ ಮತ್ತು ಸಲಕರಣೆ

ಅನುಭವಿಗಳು ಗಿಣ್ಣನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಾರೆ. ಹಳದಿ ಬಣ್ಣ, ದಪ್ಪ, ಜೇನಿನಂತೆ ಅಂಟು ಇದ್ದರೆ ಒಳ್ಳೆಯದು. ನೀರಾಗಿ ಬಿಳುಪಾಗಿದ್ದರೆ ಕಳಪೆ. ಈ ನೋಟವನ್ನು ತಳ್ಳಿಹಾಕುವಂತಿಲ್ಲ. ನೀರಿನಂತಿರುವ ಗಿಣ್ಣು ಒಳ್ಳೆಯದಾಗಿರುವುದು ಅಪರೂಪ. ಆದರೆ ಹಳದಿಯಾಗಿ ದಪ್ಪಗೆ ಕಂಡದ್ದೆಲ್ಲ ಒಳ್ಳೆಯದೆಂದು ನಂಬಿ ಕೂರುವುದು ಮಾತ್ರ ಅಪಾಯ. ಬಣ್ಣಕ್ಕೂ ಪ್ರತಿಕಾಯಗಳ ಪ್ರಮಾಣಕ್ಕೂ ಇರುವ ನಂಟು ಸಡಿಲವಾದದ್ದು.

ಸಲಕರಣೆಗಳಲ್ಲಿ ಎರಡು ಬಗೆ. ಮೊದಲನೆಯದು ಹಾಲಿನ ಸಾಪೇಕ್ಷ ಸಾಂದ್ರತೆಯನ್ನು ಅಳೆಯುವ ಗಿಣ್ಣುಮಾಪಕ. ಪ್ರತಿಕಾಯಗಳು ಹೆಚ್ಚಿದಷ್ಟೂ ಹಾಲು ತೂಕವಾಗುತ್ತದೆ. ಕುದುರೆಯ ಗಿಣ್ಣು 1.060 ಅಥವಾ ಮೇಲೆ ತೋರಿದರೆ ಮರಿಗೆ ಕೊಡಲು ತಕ್ಕದ್ದು. ಹಾಲಿನ ಸಂಘದಲ್ಲಿರುವ ಲ್ಯಾಕ್ಟೋಮೀಟರನ್ನೇ ಅದ್ದಿ ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ಆಗದ ಮಾತು. ಆ ಲ್ಯಾಕ್ಟೋಮೀಟರಿನ ಗೆರೆಗಳು 40ಕ್ಕೆ, ಎಂದರೆ 1.040ಕ್ಕೆ ಮುಗಿಯುತ್ತವೆ. ಒಳ್ಳೆಯ ಗಿಣ್ಣಿನಲ್ಲಿ ಅದು ಗೆರೆ ಮೀರಿ ಮೇಲೆ ತೇಲುತ್ತದೆ. ತೇಲುವ ಮಾಪಕಗಳಿಗೆ ಹಾಲು ಹೆಚ್ಚು ಬೇಕು, ಗಿಣ್ಣಿನ ವಿಷಯದಲ್ಲಿ ಅದು ದುಂದು. ಕರೆದ ಬಿಸಿಯಲ್ಲಿಯೇ ಅಳೆದರೆ ಅಂಕೆ ಇದ್ದದ್ದಕ್ಕಿಂತ ಕಡಿಮೆ ತೋರುತ್ತದೆ ಎಂಬುದು ಮತ್ತೊಂದು ತೊಡಕು.

ಎರಡನೆಯದು ನಮ್ಮ ಕಬ್ಬಿನ ಬೆಳೆಗಾರರಿಗೂ ದ್ರಾಕ್ಷಿ ತೋಟದವರಿಗೂ ಚಿರಪರಿಚಿತವಾದ ಕೈ ರಿಫ್ರ್ಯಾಕ್ಟೋಮೀಟರ್. ಮಂಡ್ಯದಲ್ಲಾಗಲಿ ವಿಜಯಪುರದಲ್ಲಾಗಲಿ ಬೆಳೆ ಕಟಾವಿಗೆ ಬಂದಿದೆಯೇ ಎಂದು ನೋಡಲು ರಸದ ಹನಿ ಹಾಕಿ ಬ್ರಿಕ್ಸ್ ಓದುವ ಕೊಳವೆ ಇದು. 0ಯಿಂದ 32ರವರೆಗೆ ಗೆರೆಯುಳ್ಳ ಅದೇ ಉಪಕರಣ ಕುದುರೆಯ ಗಿಣ್ಣಿಗೂ ಸಾಕು. ಬೇಕಾಗುವುದು ಎರಡು ಹನಿ ಹಾಲು ಮಾತ್ರ. ಆದ್ದರಿಂದ ರೈತನಿಗೆ ನಾನು ಸೂಚಿಸುವುದು ಇದನ್ನೇ. ತನ್ನಲ್ಲಿ ಇಲ್ಲದಿದ್ದರೆ ಪಕ್ಕದ ತೋಟದವರಿಂದ ಒಂದು ವಾರಕ್ಕೆ ಕೇಳಿ ತಂದಿಟ್ಟುಕೊಳ್ಳಬಹುದು.

ಕಬ್ಬಿನ ರಸದಲ್ಲಿ ಬ್ರಿಕ್ಸ್ ಎಂದರೆ ಬಹುಪಾಲು ಸಕ್ಕರೆ. ಗಿಣ್ಣಿನಲ್ಲಿ ಆ ಅಂಕೆ ಸಕ್ಕರೆಯದಲ್ಲ. ಬೆಳಕು ದ್ರವದಲ್ಲಿ ಎಷ್ಟು ಬಾಗುತ್ತದೆ ಎಂಬುದನ್ನು ಉಪಕರಣ ತೋರಿಸುತ್ತದೆ. ಕರಗಿದ ಘನವಸ್ತು ಹೆಚ್ಚಿದಷ್ಟೂ ಬೆಳಕು ಹೆಚ್ಚು ಬಾಗುತ್ತದೆ. ಗಿಣ್ಣಿನ ಘನವಸ್ತುವಿನಲ್ಲಿ ಒಂದು ಕುದುರೆಯಿಂದ ಇನ್ನೊಂದಕ್ಕೆ ಬಹಳವಾಗಿ ಏರಿಳಿಯುವುದು ಪ್ರತಿಕಾಯಗಳೇ ಆದುದರಿಂದ ಬ್ರಿಕ್ಸ್ ಅಂಕೆಯು ಅವುಗಳ ಪ್ರಮಾಣವನ್ನು ಸಾಕಷ್ಟು ಸರಿಯಾಗಿ ಸೂಚಿಸುತ್ತದೆ.

ಪರೀಕ್ಷಿಸುವ ಕ್ರಮ

ಉಪಕರಣದ ಗಾಜಿನ ಮೇಲೆ ಮೊದಲು ಶುದ್ಧ ನೀರಿನ ಹನಿ ಹಾಕಿ ಗೆರೆ ಸೊನ್ನೆಗೆ ನಿಲ್ಲುತ್ತದೆಯೇ ನೋಡಿ; ಇಲ್ಲದಿದ್ದರೆ ತಿರುಪು ತಿರುಗಿಸಿ ಸರಿಪಡಿಸಿ. ತೋಟದಿಂದ ತಂದದ್ದಾದರೆ ಒಣಗಿದ ರಸ ಅಂಟಿರುತ್ತದೆ, ಚೆನ್ನಾಗಿ ತೊಳೆದು ಒರೆಸಬೇಕು. ಮರಿ ಹುಟ್ಟಿದ ಕೂಡಲೆ, ಅದು ಮೊಲೆಗೆ ಬಾಯಿ ಹಾಕುವ ಮೊದಲೇ, ಕೆಚ್ಚಲನ್ನು ಬೆಚ್ಚಗಿನ ನೀರಿನಿಂದ ಒರೆಸಿ ಒಣಗಿಸಿ. ಕುದುರೆಗೆ ಎರಡೇ ತೊಟ್ಟುಗಳು. ಮೊದಲ ಒಂದೆರಡು ಚಿಮ್ಮನ್ನು ಬಿಟ್ಟು, ಅನಂತರದ ಒಂದು ಚಮಚದಷ್ಟನ್ನು ಶುಚಿಯಾದ ಲೋಟಕ್ಕೆ ಕರೆಯಿರಿ. ಒಬ್ಬರು ಕುದುರೆಯ ತಲೆಯ ಬಳಿ ನಿಂತು ಸಮಾಧಾನಪಡಿಸುತ್ತಿರಬೇಕು. ಕರೆಯುವವರು ಪಕ್ಕಕ್ಕೆ, ಭುಜವನ್ನು ಕುದುರೆಯ ಮೈಗೆ ಒತ್ತಿ ನಿಂತರೆ ಒದೆ ತಗಲುವ ಭಯ ಕಡಿಮೆ.

ಎರಡು ಹನಿ ಗಾಜಿನ ಮೇಲೆ ಹಾಕಿ ಮುಚ್ಚಳ ಮುಚ್ಚಿ ಬೆಳಕಿನ ಕಡೆ ಹಿಡಿದು ನೋಡಿ. ನೀಲಿಯೂ ಬಿಳಿಯೂ ಕೂಡುವ ಗೆರೆಯೇ ಅಂಕೆ. ಗಿಣ್ಣಿನಲ್ಲಿ ಈ ಗೆರೆ ಕಬ್ಬಿನ ರಸದಲ್ಲಿದ್ದಷ್ಟು ಚೂಪಾಗಿರುವುದಿಲ್ಲ. ಮಸುಕಾಗಿ ಕಂಡರೆ ಒರೆಸಿ ಇನ್ನೊಮ್ಮೆ ಹಾಕಿ. ರಾತ್ರಿಯಲ್ಲಿ ಮರಿ ಹಾಕುವುದು ಕುದುರೆಗಳ ಸ್ವಭಾವ. ಆದುದರಿಂದ ಬ್ಯಾಟರಿ ಕೈಗೆ ಸಿಗುವಂತಿರಲಿ.

ಅಂಕೆ 30 ಮೀರಿದರೆ ಅತ್ಯುತ್ತಮ. 20ರಿಂದ 30ರವರೆಗೆ ಒಳ್ಳೆಯದು, ಚಿಂತೆಯಿಲ್ಲ. 15ರಿಂದ 20 ಇದ್ದರೆ ಗಡಿಯಲ್ಲಿದೆ; ಮರಿಗೆ ಬೇರೆ ಕುದುರೆಯ ಗಿಣ್ಣು ಸಿಕ್ಕಿದರೆ ಸೇರಿಸಿ ಕೊಡುವುದು, ಸಿಗದಿದ್ದರೆ ಮರುದಿನ ಮರಿಯ ರಕ್ತ ಪರೀಕ್ಷೆ ಮಾಡಿಸುವುದು ಅವಶ್ಯ. 15ಕ್ಕಿಂತ ಕಡಿಮೆಯಾದರೆ ತಾಯಿಯ ಗಿಣ್ಣನ್ನು ನಂಬುವಂತಿಲ್ಲ. ಆ ರಾತ್ರಿಯೇ ಬೇರೆ ಏರ್ಪಾಡು ಆಗಬೇಕು.

ಗುಣ ತಿಳಿಯುವ ಆತುರದಲ್ಲಿ ಮರಿ ಹಾಕುವ ಮೊದಲೇ ದಿನವೂ ಕೆಚ್ಚಲು ಹಿಂಡಬಾರದು. ಕೆಲವು ಲಾಯಗಳಲ್ಲಿ ಒಂದೆರಡು ಹನಿ ತೆಗೆದು ಕಾಗದದ ಪಟ್ಟಿಯಿಂದ ಸುಣ್ಣದ ಅಂಶ ನೋಡುವುದುಂಟು. ಅದು ಕುದುರೆ ಯಾವಾಗ ಮರಿ ಹಾಕೀತು ಎಂದು ತಿಳಿಸುವ ಪರೀಕ್ಷೆ, ಗಿಣ್ಣಿನ ಗುಣ ಹೇಳುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿದವರು ಇದ್ದಾರೆ.

ಕಳಪೆಯೆಂದು ತಿಳಿದರೆ

ಬೇರೆ ಕುದುರೆಯ ಒಳ್ಳೆಯ ಗಿಣ್ಣೇ ಮೊದಲ ಮದ್ದು. ಹೆಚ್ಚು ಕುದುರೆಗಳಿರುವ ಕಡೆ ಇದಕ್ಕಾಗಿ ದಾಸ್ತಾನು ಇಟ್ಟುಕೊಳ್ಳಬೇಕು. ಒಳ್ಳೆಯ ಗಿಣ್ಣಿರುವ ಕುದುರೆಯಿಂದ, ಅದರ ಸ್ವಂತ ಮರಿ ಒಮ್ಮೆ ಕುಡಿದ ಮೇಲೆ, 200ರಿಂದ 250 ಮಿ.ಲೀ. ಕರೆದರೆ ಆ ಮರಿಗೆ ಕೊರತೆಯಾಗದು. ಶೋಧಿಸಿ, ಶುಚಿಯಾದ ಪ್ಲಾಸ್ಟಿಕ್ ಸೀಸೆಯಲ್ಲಿ ತುಂಬಿ, ತಾರೀಖು, ಕುದುರೆಯ ಹೆಸರು, ಬ್ರಿಕ್ಸ್ ಅಂಕೆ ಬರೆದು, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ಇಟ್ಟರೆ ಒಂದು ವರ್ಷ ಕೆಡುವುದಿಲ್ಲ. ಕುರಿಗಾಹಿಗಳಿಗೆ ಇದು ಸಾಧ್ಯವಿಲ್ಲ. ಅವರ ಹಿಂಡುಗಳು ಜೊತೆಯಾಗಿ ಹೋಗುವಾಗ ಅದೇ ವಾರ ಮರಿ ಹಾಕಿದ ಇನ್ನೊಂದು ತಟ್ಟು ಎಲ್ಲಿದೆಯೆಂದು ತಿಳಿದಿದ್ದರೆ ಅದೇ ದೊಡ್ಡ ದಾಸ್ತಾನು.

ಗಡ್ಡೆ ಕಟ್ಟಿದ ಗಿಣ್ಣನ್ನು ಕರಗಿಸುವಾಗ ಅವಸರ ಕೂಡದು. ಒಲೆಯ ಮೇಲಿಟ್ಟು ಕಾಯಿಸಿದರೆ ಏನಾಗುತ್ತದೆಂದು ನಮ್ಮ ಮನೆಯ ಹೆಂಗಸರನ್ನು ಕೇಳಿದರೆ ತಿಳಿಯುತ್ತದೆ. ಹಸುವಿನ ಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿಟ್ಟಾಗ ಗಿಣ್ಣು ಗಟ್ಟಿಯಾಗಿ ಕೂಡುವುದು ಈ ಸಸಾರಜನಕಗಳು ಬಿಸಿಗೆ ಹೆಪ್ಪುಗಟ್ಟುವುದರಿಂದಲೇ. ತಿನ್ನಲು ಅದು ರುಚಿ. ಹೆಪ್ಪುಗಟ್ಟಿದ ಪ್ರತಿಕಾಯದಿಂದ ಮರಿಗೆ ರಕ್ಷಣೆ ಸಿಗದು. ಸೀಸೆಯನ್ನು 37ರಿಂದ 40 ಡಿಗ್ರಿಯ, ಎಂದರೆ ಕೈಗೆ ಹಿತವೆನಿಸುವ ನೀರಿನಲ್ಲಿಟ್ಟು ನಿಧಾನವಾಗಿ ಕರಗಿಸಬೇಕು.

ಕುಡಿಸುವಾಗ ಮರಿ ನಿಂತಿರಬೇಕು ಅಥವಾ ಎದೆಯ ಮೇಲೆ ನೆಟ್ಟಗೆ ಕುಳಿತಿರಬೇಕು. ಕುರಿಮರಿಗೆ ಬಳಸುವ ರಬ್ಬರ್ ತೊಟ್ಟಿನ ಸೀಸೆ ಸಾಕು. ಗಂಟೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಕೊಡಿ. ದನಗಳಿಗೆ ಔಷಧಿ ಹೊಯ್ಯುವ ಗೊಟ್ಟದಿಂದ ಮಾತ್ರ ಎಂದೂ ಹೊಯ್ಯಬೇಡಿ. ಚೀಪಲು ಶಕ್ತಿಯಿಲ್ಲದ ಮರಿಗೆ ನುಂಗಲೂ ಶಕ್ತಿಯಿರುವುದಿಲ್ಲ. ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂತಹ ಮರಿಗೆ ವೈದ್ಯರು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಕೊಡುತ್ತಾರೆ.

ಕುದುರೆಯ ಗಿಣ್ಣು ಎಲ್ಲಿಯೂ ಸಿಗದಿದ್ದರೆ ಹಸುವಿನ ಗಿಣ್ಣನ್ನು ಕೊಡುವುದುಂಟು. ಏನೂ ಇಲ್ಲದ್ದಕ್ಕಿಂತ ಅದು ಮೇಲು, ಅಷ್ಟೆ. ಹಸುವಿನ ಪ್ರತಿಕಾಯಗಳು ಮರಿಯ ರಕ್ತದಲ್ಲಿ ಬಹಳ ದಿನ ಉಳಿಯುವುದಿಲ್ಲ, ಕುದುರೆಯ ರೋಗಾಣುಗಳ ವಿರುದ್ಧ ತಯಾರಾದವೂ ಅಲ್ಲ.

ಅಂಕೆ ಚೆನ್ನಾಗಿದ್ದೂ ವಿಷವಾಗುವ ಗಿಣ್ಣು

ಬ್ರಿಕ್ಸ್ ಅಂಕೆಯು ಪ್ರತಿಕಾಯಗಳು ಎಷ್ಟಿವೆ ಎಂದು ಹೇಳುತ್ತದೆ, ಯಾವುದರ ವಿರುದ್ಧ ಎಂದು ಹೇಳುವುದಿಲ್ಲ. ಅದಕ್ಕಾಗಿಯೇ ಗಬ್ಬದ ಕುದುರೆಗೆ ಮರಿ ಹಾಕುವ 4ರಿಂದ 6 ವಾರ ಮೊದಲು ಧನುರ್ವಾಯುವಿನ ಲಸಿಕೆ ಹಾಕಿಸಬೇಕು. ಮರಿ ಹಾಕುವ ಲಾಯಕ್ಕೆ ಒಂದು ತಿಂಗಳು ಮುಂಚೆಯೇ ತಂದು ಕಟ್ಟಿದರೆ ಆ ಜಾಗದ ರೋಗಾಣುಗಳ ವಿರುದ್ಧವೂ ತಾಯಿಯಲ್ಲಿ ಪ್ರತಿಕಾಯ ಹುಟ್ಟುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಅಪರೂಪಕ್ಕೆ ತಾಯಿಯ ಗಿಣ್ಣಿನಲ್ಲಿ ಮರಿಯ ಕೆಂಪು ರಕ್ತಕಣಗಳನ್ನೇ ನಾಶಪಡಿಸುವ ಪ್ರತಿಕಾಯಗಳಿರುತ್ತವೆ. ಗಂಡು ಕುದುರೆಯಿಂದ ಮರಿಗೆ ಬಂದ ರಕ್ತದ ಗುಂಪು ತಾಯಿಗೆ ಹೊಂದದಿದ್ದಾಗ ಹೀಗಾಗುತ್ತದೆ. ಮರಿ ಗಟ್ಟಿಮುಟ್ಟಾಗಿಯೇ ಹುಟ್ಟಿ, ಚೆನ್ನಾಗಿ ಕುಡಿದು, ಒಂದೆರಡು ದಿನಗಳಲ್ಲಿ ಸುಸ್ತಾಗುತ್ತದೆ. ಕಣ್ಣಿನ, ಒಸಡಿನ ಪೊರೆ ಹಳದಿಯಾಗುತ್ತದೆ. ಮೊದಲ ಸೂಲಿನಲ್ಲಿ ಇದು ವಿರಳ, ನಂತರದ ಸೂಲುಗಳಲ್ಲಿ ಹೆಚ್ಚು. ಕತ್ತೆಯಿಂದ ಕಟ್ಟಿಸಿ ಹೇಸರಗತ್ತೆ ಮರಿ ಪಡೆಯುವಲ್ಲಿ ಇನ್ನೂ ಹೆಚ್ಚು. ಹಿಂದೆ ಒಮ್ಮೆ ಕಾಮಾಲೆಯಿಂದ ಮರಿ ಕಳೆದುಕೊಂಡ ಕುದುರೆಯಾದರೆ ಮುಂಚಿತವಾಗಿ ವೈದ್ಯರಿಗೆ ತಿಳಿಸಿ. ಅವರು ಮರಿಯ ರಕ್ತದ ಹನಿಯನ್ನು ತಾಯಿಯ ಗಿಣ್ಣಿನೊಡನೆ ಬೆರೆಸಿ ಕಣಗಳು ಗಂಟುಕಟ್ಟುತ್ತವೆಯೇ ಎಂದು ನೋಡಬಲ್ಲರು. ಗಂಟುಕಟ್ಟಿದರೆ ಮರಿಗೆ ಒಂದೆರಡು ದಿನ ಬಾಯಿಕುಕ್ಕೆ ಹಾಕಿ, ತಾಯಿಯ ಹಾಲನ್ನು ಆಗಾಗ ಕರೆದು ಚೆಲ್ಲಿ, ಬೇರೆ ಕುದುರೆಯ ಗಿಣ್ಣನ್ನು ಕೊಡಬೇಕು. ಗಿಣ್ಣನ್ನು ಚೆಲ್ಲಬೇಕಾದ ಪ್ರಸಂಗ ಇದೊಂದೇ.

ಮರಿಯ ರಕ್ತ ಏನು ಹೇಳುತ್ತದೆ?

ಗಿಣ್ಣು ಒಳ್ಳೆಯದಿತ್ತು, ಮರಿ ಕುಡಿಯಿತು. ಆದರೂ ಎಲ್ಲವೂ ರಕ್ತಕ್ಕೆ ಸೇರಿತೇ ಎಂಬುದು ಬೇರೆ ಪ್ರಶ್ನೆ. ಹುಟ್ಟಿದ 18ರಿಂದ 24 ಗಂಟೆಗೆ ಮರಿಯ ರಕ್ತ ತೆಗೆದು ನೋಡಿದರೆ ಉತ್ತರ ಸಿಗುತ್ತದೆ. 100 ಮಿ.ಲೀ. ರಕ್ತದ್ರವದಲ್ಲಿ 800 ಮಿಲಿಗ್ರಾಂಗಿಂತ ಹೆಚ್ಚು ಇಮ್ಯುನೋಗ್ಲಾಬ್ಯುಲಿನ್ ಇದ್ದರೆ ಸಾಕಷ್ಟು ರಕ್ಷಣೆ ಸಿಕ್ಕಿದೆ. 400ಕ್ಕಿಂತ ಕಡಿಮೆಯಿದ್ದರೆ ಮರಿ ರಕ್ಷಣೆಯಿಲ್ಲದೆ ನಿಂತಿದೆ. ನಡುವಿನದು ಅರೆಬರೆ, ಲಾಯ ಶುಚಿಯಾಗಿದ್ದು ಮರಿ ಚುರುಕಾಗಿದ್ದರೆ ಕೆಲವು ಬದುಕಿಕೊಳ್ಳುತ್ತವೆ.

ದೊಡ್ಡ ಪ್ರಯೋಗಾಲಯವಿಲ್ಲದೆ ಪಶು ಆಸ್ಪತ್ರೆಯಲ್ಲಿಯೇ ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ. ಅರ್ಧ ಮಿ.ಲೀ. ರಕ್ತಸಾರಕ್ಕೆ ಶೇಕಡಾ 10ರ ಗ್ಲುಟರಾಲ್ಡಿಹೈಡ್ ದ್ರಾವಣ 0.05 ಮಿ.ಲೀ. ಬೆರೆಸಿ ಓರೆ ಮಾಡಿ ನೋಡುತ್ತಿರಬೇಕು. 10 ನಿಮಿಷಗಳೊಳಗೆ ಗಟ್ಟಿಯಾದರೆ 800ರ ಮೇಲಿದೆ. ಒಂದು ಗಂಟೆಯೊಳಗೆ ಗಟ್ಟಿಯಾದರೆ 400ರ ಮೇಲೆ. ಗಂಟೆ ಕಳೆದರೂ ನೀರಾಗಿಯೇ ಇದ್ದರೆ 400ಕ್ಕೂ ಕಡಿಮೆ. ಈ ರಾಸಾಯನಿಕವು ಕಣ್ಣಿಗೆ, ಚರ್ಮಕ್ಕೆ ಹಾನಿಕರವಾದುದರಿಂದ ಆಸ್ಪತ್ರೆಯವರೇ ಇದನ್ನು ಮಾಡತಕ್ಕದ್ದು. ಕಡಿಮೆಯೆಂದು ಕಂಡರೆ ಆಗ ಬಾಯಿಂದ ಕೊಡುವ ಕಾಲ ಮುಗಿದಿರುತ್ತದೆ. ತಕ್ಕ ಕುದುರೆಯ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾವನ್ನು, 45-50 ಕಿಲೋ ಮರಿಗೆ 1ರಿಂದ 2 ಲೀಟರಿನಷ್ಟು, ರಕ್ತನಾಳದ ಮೂಲಕ ಏರಿಸಬೇಕಾಗುತ್ತದೆ. ಇದು ಖರ್ಚಿನ, ಸಮಯದ ಕೆಲಸ. ಎಲ್ಲ ಊರುಗಳಲ್ಲೂ ಆಗುವಂಥದಲ್ಲ. ಮೊದಲ ರಾತ್ರಿಯ ಎರಡು ಹನಿ ಪರೀಕ್ಷೆಗೆ ಇಷ್ಟು ಒತ್ತು ಕೊಟ್ಟಿರುವುದು ಇದಕ್ಕಾಗಿಯೇ.

ಹಸುವಿನ ವಿಷಯಕ್ಕೂ ಒಂದು ಮಾತು. ಅದೇ ರಿಫ್ರ್ಯಾಕ್ಟೋಮೀಟರಿನಲ್ಲಿ ಹಸುವಿನ ಗಿಣ್ಣು 22 ಬ್ರಿಕ್ಸ್ ಅಥವಾ ಮೇಲೆ ತೋರಿದರೆ ಲೀಟರಿಗೆ 50 ಗ್ರಾಂ ಪ್ರತಿಕಾಯವಿದೆಯೆಂದು ಲೆಕ್ಕ. ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟನ್ನು ಆದಷ್ಟು ಬೇಗ, ಮೊದಲ ಕೆಲವು ಗಂಟೆಗಳಲ್ಲಿಯೇ ಕುಡಿಸಬೇಕು. 25 ಕಿಲೋ ಕರುವಿಗೆ ಎರಡೂವರೆ ಲೀಟರು. ಮನೆಯ ಗಿಣ್ಣಿಗೆ, ನೆರೆಹೊರೆಗೆ ಹಂಚಲು ಕರೆಯುವುದು ಕರುವಿನ ಪಾಲು ಮುಗಿದ ಮೇಲೆ.